ವೀರಗಲ್ಲಿನ ಕಟ್ಟೆಯಲ್ಲಿ ಒಂದು ವ್ಯಾಪಾರ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆಲೂರಿನ ದಾರಿಯಲ್ಲಿ ಗಾಳಿ ಎದುರಿನಿಂದ ಬೀಸುತ್ತಿತ್ತೋ ಬೆನ್ನಿಗೋ, ನಾನು ಉಟ್ಟಿದ್ದ ಲಂಗ ಹಸಿರೋ ನೀಲಿಯೋ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಹೇಳುತ್ತೇನೆ. ದಿನಚರಿ ಬರೆಯುವ ಚಟ ನನಗೆ ಹತ್ತಿದ್ದು ಕಾಲೇಜು ಸೇರಿದ ಮೇಲೆ. ಅದಕ್ಕೂ ಹಿಂದಿನದೆಲ್ಲ ಬರೀ ತಲೆಯಲ್ಲಿ ಇಟ್ಟದ್ದು. ತಲೆಯಲ್ಲಿ ಇಟ್ಟದ್ದು ನೆಲದೊಳಗಿನ ಹಗೇವಿನಲ್ಲಿ ಇಟ್ಟ ಜೋಳದ ಹಾಗೆ. ಹೊರಗೆ ತೆಗೆದಾಗ ಜೋಳವೇ ಹೌದು, ಆದರೆ ವಾಸನೆ ನೆಲದ್ದು.

ಇದನ್ನೆಲ್ಲ ಈಗ ತೆಗೆಯಲು ಕಾರಣ ಒಂದು ಬಟ್ಟಲು. ಈಚೆಗೆ ಆದೋನಿಯ ತವರುಮನೆಗೆ ಹೋಗಿದ್ದಾಗ ದೇವರ ಮಾಡದಲ್ಲಿ ವಿಭೂತಿ ಇಡುವ ಹಿತ್ತಾಳೆಯ ಬಟ್ಟಲು ಕಣ್ಣಿಗೆ ಬಿತ್ತು. ತಳದಲ್ಲಿ ತೂತು, ತೂತಿಗೆ ಅರಗು ಮೆತ್ತಿತ್ತು. ತಿರುಗಿಸಿ ನೋಡಿದರೆ ಸೈಕಲ್ ಗಂಟೆಯ ಟೋಪಿ. ಇದು ಯಾವಾಗಿನದು ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.

“ನಾ ಬಂದಾಗಿಂದ ಐತ್ರಿ ಅಕ್ಕಾರ. ಕಾಶಿಯಿಂದ ತಂದದ್ದಂತ ಅತ್ತಿ ಹೇಳ್ತಿದ್ರು.”

ನಮ್ಮ ಅವ್ವ ಜೀವಮಾನದಲ್ಲಿ ಕಾಶಿಗೆ ಹೋದವಳಲ್ಲ. ನಮ್ಮ ಮನೆಯಲ್ಲಿ ಇತಿಹಾಸ ತಯಾರಾಗುವುದು ಹೀಗೆ.

ಆ ಗಂಟೆ ಚಿಕ್ಕಪ್ಪನ ಸೈಕಲ್ಲಿನದು. ಅಪ್ಪ ಹತ್ತಿಯ ವ್ಯಾಪಾರಿ; ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಹೊಟ್ಟೆಗೆ ಹತ್ತಿ, ಜೀವಕ್ಕೆ ಯುದ್ಧ ಎನ್ನುವ ಮನುಷ್ಯ. ಯುದ್ಧವೆಂದರೆ ಆಗ ನಡೆಯುತ್ತಿದ್ದದ್ದಲ್ಲ. ಗುಂತಕಲ್ಲಿನ ಕಡೆಯಿಂದ ಸಿಪಾಯಿಗಳನ್ನು ತುಂಬಿಕೊಂಡು ಹೋಗುವ ರೈಲು, ಸೀಮೆಎಣ್ಣೆಯ ಸಾಲು, ಇವುಗಳ ಮೇಲೆ ಅವನಿಗೆ ಆಸಕ್ತಿ ಇರಲಿಲ್ಲ. ವಿಜಯನಗರದವರೂ ಬಿಜಾಪುರದವರೂ ನಮ್ಮೂರ ಕೋಟೆಗಾಗಿ ಬಡಿದಾಡಿದ್ದೇ ಅವನ ಪಾಲಿಗೆ ಯುದ್ಧ. ಯಾವ ಗುಡ್ಡದ ಹಿಂದೆ ಯಾರ ದಂಡು ಇಳಿದಿತ್ತು, ಯಾವ ಕೆರೆಯಲ್ಲಿ ಯಾರ ಆನೆ ನೀರು ಕುಡಿಯಿತು ಎಂದು ನಿನ್ನೆ ನೋಡಿ ಬಂದವನ ಹಾಗೆ ಹೇಳುತ್ತಿದ್ದ. ಹೇಳುವಾಗೆಲ್ಲ ಆನೆಗಳು ಮರಿ ಹಾಕಿರುತ್ತಿದ್ದವು.

ಚಿಕ್ಕಪ್ಪನ ಮಗಳು ಶಾಂತಾ. ನನಗಿಂತ ಕೆಲವು ತಿಂಗಳಿಗೆ ಚಿಕ್ಕವಳು. ಒಂದೇ ಮನೆ, ಒಂದೇ ತರಗತಿ, ಒಂದೇ ಬೆಂಚು. ಲೆಕ್ಕದಲ್ಲಿ ಅವಳು, ಓದುವುದರಲ್ಲಿ ನಾನು. ನಮ್ಮಿಬ್ಬರ ದೊಡ್ಡ ಆಟವೆಂದರೆ ಹತ್ತಿ ಪೇಟೆಯ ಆಟ. ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಮಾರುವವನೂ ಕೊಳ್ಳುವವನೂ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹಾಸಿಕೊಂಡು ಕೆಳಗೆ ಬೆರಳು ಹಿಡಿಯುತ್ತಿದ್ದರು. ಇಷ್ಟು ಬೆರಳು ಹಿಡಿದರೆ ಇಷ್ಟು, ಗೆಣ್ಣು ಒತ್ತಿದರೆ ಇಷ್ಟು. ಸುತ್ತ ಹತ್ತು ಜನ ನಿಂತಿದ್ದರೂ ಯಾರಿಗೂ ತಿಳಿಯುವಂತಿಲ್ಲ. ನಾವು ಹಿತ್ತಿಲಲ್ಲಿ ಅವ್ವನ ಸೆರಗಿನ ಚೂರು ಹಾಸಿಕೊಂಡು ಹುಣಸೆಬೀಜಕ್ಕೆ ವ್ಯಾಪಾರ ಮಾಡುತ್ತಿದ್ದೆವು. ನನ್ನ ಮುಖ ನೋಡಿಯೇ ಶಾಂತಾ ಗೆದ್ದುಬಿಡುತ್ತಿದ್ದಳು. “ನಿನ್ನ ಹುಬ್ಬು ಎಲ್ಲಾ ಹೇಳತಾವ” ಅನ್ನುತ್ತಿದ್ದಳು.

ನಾವು ಎಂಟನೇ ತರಗತಿಯಲ್ಲಿದ್ದ ಆ ಮಾಗಿಯ ಹೊತ್ತಿಗೆ ಮನೆಯಲ್ಲಿ ಎರಡು ಊರುಗಳ ಹೆಸರು ಕೇಳಿಬರುತ್ತಿತ್ತು. ಒಂದು ಬಳ್ಳಾರಿ. ಆದೋನಿ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು; ಎಂಟರ ನಂತರ ಓದಬೇಕೆಂಬ ಹುಡುಗಿ ಅಲ್ಲಿಗೆ ಹೋಗಿ ಉಳಿಯಬೇಕು ಎಂಬುದು ನಮ್ಮ ಮನೆಯ ತಿಳುವಳಿಕೆ. ನಾನು ಹಟ ಹಿಡಿದಿದ್ದೆ. ಅಪ್ಪನ ಉತ್ತರ ಒಂದೇ: “ಬಳ್ಳಾರಿಗೆ ಹತ್ತಿ ಅರಳಿ ಕಳಸ್ತೀನಿ, ಹೆಣಮಕ್ಕಳ್ನಲ್ಲ.” ಇನ್ನೊಂದು ಪತ್ತಿಕೊಂಡ. ಅಲ್ಲಿನ ಸಾವುಕಾರರೊಬ್ಬರು ತಮ್ಮ ಮಗನಿಗೆ ನಮ್ಮ ಮನೆಯ ಹೆಣ್ಣು ಕೇಳಿದ್ದರು. ಯಾವ ಹೆಣ್ಣು ಎಂದು ನಮಗೆ ಯಾರೂ ಹೇಳಲಿಲ್ಲ. ದೊಡ್ಡವರ ಮಗಳು ನಾನು, ಸರದಿ ನನ್ನದು ಎಂದು ನಾನೇ ತಿಳಿದೆ. ಎಣ್ಣೆಸ್ನಾನದ ದಿನ ಅವ್ವ ನನಗೆ ಅರಿಸಿನ ಹೆಚ್ಚು ಹಚ್ಚತೊಡಗಿದ್ದು ನನ್ನ ಅನುಮಾನವೋ ನಿಜವೋ, ಈಗ ಹೇಳಲಾರೆ.

ಹೀಗಿರುವಾಗ ಚಿಕ್ಕಪ್ಪ ಒಂದು ದಿನ ಊಟದ ಹೊತ್ತಿಗೆ, “ಗಿರಿಜಾನ್ನ ಕರಕೊಂಡು ಪತ್ತಿಕೊಂಡದ ಕಾಡಿನ ಮಟ ಸೈಕಲ್ ಮ್ಯಾಲ ಹೋಗಿಬರ್ತೀನಿ. ಲಡಾಯಿ ನಡದ ಜಾಗಾ ಎಲ್ಲಾ ತೋರಿಸ್ತೀನಿ” ಅಂದ. ಗಿರಿಜಾ ಅಂದರೆ ನಾನು. ಕೋಟೆಯ ಬುಡದ ಬಯಲಿನಲ್ಲಿ, ಊರು ಏಳುವ ಮೊದಲು, ಅವನೇ ನನಗೆ ಸೈಕಲ್ ಕಲಿಸಿದ್ದ. ಸೀಟಿಗೆ ಎಟುಕದೆ, ದಂಡಿಯ ಕೆಳಗಿನಿಂದ ಕಾಲು ತೂರಿಸಿ ತುಳಿಯುವ ಆ ಸವಾರಿ ನೋಡಿದರೆ ಮುರಿದ ಕತ್ತರಿಯ ನೆನಪಾಗುತ್ತಿತ್ತು. ಇದು ಮನೆಯವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಗುಟುಕು ನೀರಿಗೂ ನನ್ನನ್ನು ಬೀದಿಬಾವಿಗೆ ಬಿಡದ ಅಪ್ಪ ತಲೆ ಎತ್ತದೆ, “ಹೋಗಿಬರ್ರಿ” ಅಂದ. ನನಗೆ ಅನುಮಾನ ಬಂದದ್ದು ಅಲ್ಲೇ. ಶಾಂತಾ ಯಾಕೆ ಬರುವುದಿಲ್ಲ ಎಂದು ಕೇಳಿದೆ. “ಆಕಿಗೆ ಜ್ವರ” ಎಂದಳು ಅವ್ವ, ಮತ್ತು ಕಟಕರೊಟ್ಟಿ, ಶೇಂಗಾಹಿಂಡಿಯ ಗಂಟಿನೊಳಗೆ ನನ್ನ ಜರಿ ಅಂಚಿನ ಲಂಗವನ್ನು ಮಡಿಚಿ ಇಟ್ಟಳು. ಕಾಡಿಗೆ ಹೋಗುವವಳಿಗೆ ಜರಿಯ ಲಂಗ ಏಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಬಂದೀತೋ ಎಂಬ ಭಯ.

ಚಿಕ್ಕಪ್ಪನದು ಸ್ವಂತ ಸೈಕಲ್ಲು, ನನ್ನದು ಬಾಡಿಗೆಯದು, ಮಡ್‌ಗಾರ್ಡ್ ಇಲ್ಲದ್ದು. ಚಿಕ್ಕಪ್ಪನ ಹಿಂದಿನ ಟೈರಿಗೆ ಒಳಗಡೆ ಹಳೆಯ ಟೈರಿನ ತುಂಡು, ಹೊರಗಡೆ ಸುತಳಿಯ ಪಟ್ಟಿ. ಯುದ್ಧದ ದೆಸೆಯಿಂದ ಆದೋನಿಯಲ್ಲಿ ಟೈರು ಎಂಬುದು ಮಾತಿನಲ್ಲಿ ಮಾತ್ರ ಸಿಗುತ್ತಿತ್ತು. ಮೊದಲ ದಿನ ಆಲೂರಿಗೆ ಹೋಗಿ ಬಂಧುಗಳ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಹೊರಡುವಾಗ ಚಿಕ್ಕಪ್ಪ ಗಂಟು ಬಿಚ್ಚಿ ಲಂಗವನ್ನು ಹೊರಗಿಟ್ಟ. “ಇದು ಇಲ್ಲೇ ಇರ್ಲಿ. ಹೊರಳಿ ಬರುವಾಗ ತೊಗೊಂಡ್ರಾತು. ಸುಮ್ನ ಭಾರ.” ಒಂದು ಲಂಗದ ಭಾರ ಎಷ್ಟು? ಅವನ ಸೈಕಲ್ಲಿಗೆ ಕಟ್ಟಿದ್ದ ಕಲ್ಲಿನ ಚೂರುಗಳೇ ಅದರ ಹತ್ತರಷ್ಟಿದ್ದವು. ಅವೆಲ್ಲ ಕೋಟೆಯ ಕಲ್ಲುಗಳೆಂದು ಅವನ ವಾದ.

ಆಸ್ಪರಿಯ ದಾರಿಯಲ್ಲಿ ಒಂದು ಹಳ್ಳಿಯ ಹನುಮಂತರಾಯನ ಗುಡಿಯ ಮುಂದೆ ಉರುಟಾದ ಕಲ್ಲು ಬಿದ್ದಿತ್ತು. ಹುಡುಗರು ಎತ್ತಿ ಬಲ ತೋರಿಸುವ ಕಲ್ಲು. ಚಿಕ್ಕಪ್ಪ ಸೈಕಲ್ ಇಳಿದವನೇ ಅದನ್ನು ತಡವಿ, “ನೋಡು, ತೋಪಿನ ಗುಂಡು. ನಮ್ಮ ಆದೋನಿಗೆ ಬಂದ ಸುಲ್ತಾನರ ಕಡೆಯದು” ಅಂದ. ಗುಡಿಯ ನೆರಳಿನಲ್ಲಿ ಕುರಿಯ ಉಣ್ಣೆ ಹಿಂಜುತ್ತ ಕೂತಿದ್ದ ಮುದುಕಿಯೊಬ್ಬಳು ಕೇಳಿಸಿಕೊಂಡಳು.

“ಎಲ್ಲೀ ಸುಲ್ತಾನ ತಗಿಯಪ್ಪ. ನಮ್ಮ ಮಾವ ಹಳ್ಳದಾಗಿಂದ ಉಳ್ಳಿಸಿಗೊಂತ ತಂದಾನ. ನಾ ಹಿಂದಿಂದ ಹೋಗೀನಿ.”

“ಹಳ್ಳಕ್ಕ ಎಲ್ಲಿಂದ ಬಂತವ್ವಾ?”

“ಹಳ್ಳಕ್ಕ ಕಲ್ಲು ಎಲ್ಲಿಂದ ಬರತಾವು ಅಂತ ಕೇಳಾಕ ಆದೋನಿಯಿಂದ ಬಂದೇನು?” ಅಂದು ಆಕೆ ನನ್ನ ಕಡೆ ತಿರುಗಿದಳು. “ಈಕಿ ಯಾರು? ಮಿಲ್ಟ್ರಿಯಾಗ ಹೆಣಮಕ್ಕಳನ್ನೂ ತೊಗೊಳ್ಳಾಕ ಹತ್ಯಾರೇನು?”

“ನಮ್ಮಣ್ಣನ ಮಗಳು. ಇತಿಹಾಸ ನೋಡಾಕ ಬಂದಾಳ.”

“ಆ ಗಾಡಿಯೊಳಗ ಕಾಲು ತೂರಿಸಿ ಕುಂದ್ರತಾಳಲ್ಲೋ. ಇಂಥಾಕೀನ ಮಾಡಿಕೊಳ್ಳಾವ ಯಾರು?”

ಆ ಮಾತಿಗೆ ಚಿಕ್ಕಪ್ಪ ಕುಡಿಯಲು ನೀರು ಕೇಳಿದ.

ಅಲ್ಲಿಂದ ಮುಂದೆ ಎರೆಹೊಲ ತೀರಿ ಗುಡ್ಡ ಶುರುವಾಗುತ್ತದೆ, ಕಾಡೂ ಶುರುವಾಗುತ್ತದೆ. ಬೇರೆ ಸೀಮೆಯವರು ಇದನ್ನು ಕಾಡು ಎಂದು ಒಪ್ಪಲಾರರು. ತಂಗಡಿ, ಕಾರೆ, ಜಾಲಿ, ಎಲೆ ಉದುರಿದ ಸೀತಾಫಲದ ಗಿಡ; ಆಳು ಮುಚ್ಚುವಷ್ಟು ಎತ್ತರ, ಆಳು ತಪ್ಪಿಸಿಕೊಳ್ಳುವಷ್ಟು ದಟ್ಟ. ಚಿಕ್ಕಪ್ಪನ ಪ್ರಕಾರ ಒಂದು ಇಡೀ ದಂಡು ಇಲ್ಲಿ ಅಡಗಿತ್ತು. ಆನೆಗಳು ಎಲ್ಲಿ ಅಡಗಿದವು ಎಂದು ಕೇಳಿದೆ. “ಕುಂತಿದ್ವು” ಅಂದ. ಬಂಡೆಗಳ ನಡುವೆ ಕುಸಿದ ಬುರುಜು, ಮದ್ದು ಅರೆದರೆಂದು ಅವನು ಹೇಳಿದ ಕಲ್ಲಿನ ಗುಣಿ, ಎಲ್ಲವನ್ನೂ ನೋಡಿದೆ. ಕಣ್ಣು ಅಲ್ಲಿತ್ತು, ಮನಸ್ಸು ಅವನ ಬೆನ್ನಿನ ಮೇಲಿತ್ತು. ಮಧ್ಯೆ ಮಧ್ಯೆ ಸೂರ್ಯನನ್ನು ನೋಡಿ ಹೊತ್ತು ಅಳೆಯುತ್ತಿದ್ದ. ಸತ್ತವರನ್ನು ನೋಡಲು ಹೊರಟವನಿಗೆ ಹೊತ್ತಿನ ಚಿಂತೆ ಏಕೆ?

ಬುರುಜಿನ ಹತ್ತಿರ ಕಾಡಿನ ಗಾರ್ಡು ನಮ್ಮನ್ನು ತಡೆದ. ಚಿಕ್ಕಪ್ಪ ತಾನೇ ಬರೆದ ನಕಾಶೆ ಹರಡಿಕೊಂಡು ನಿಂತಿದ್ದ.

“ಏಂಟಿದಿ? ಏನಿದು? ನಕಾಶೆ ಏನು? ಜಪಾನಿನವರಿಗೆ ಕೊಡಾಕೇನು?”

“ಇಲ್ರೀ ಸಾಯಬ್ರ. ಇದು ನೂರಾರು ವರ್ಷದ ಹಿಂದಿನ ಲಡಾಯಿದು.”

“ಲಡಾಯಿ ಹಳೇದಾದ್ರೂ ಜಾಗಾ ಈಗಿಂದ ಐತಲ್ಲ.” ಗಾರ್ಡು ನಕಾಶೆಯನ್ನು ತಲೆಕೆಳಗೆ ಹಿಡಿದು ನೋಡಿದ, ನನ್ನನ್ನು ನೋಡಿದ, ಸುತಳಿ ಸುತ್ತಿದ ಟೈರನ್ನು ನೋಡಿದ. ಜಪಾನಿನವರು ಇಷ್ಟು ಬಡವರಿರಲಾರರು ಅನ್ನಿಸಿತೇನೋ. “ಆದೋನಿಯವರು ನೀವೇನಾ? ಹಂಗಾದ್ರ ಬಿರಬಿರನ ಹೋಗ್ರಿ. ಪತ್ತಿಕೊಂಡದ ಸಾವುಕಾರ್ರು ಮುಂಜಾನಿಂದ ಕಟ್ಟಿ ಮ್ಯಾಲ ಕುಂತು ನಿಮ್ಮ ದಾರಿ ನೋಡಾಕ ಹತ್ಯಾರ.”

ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ನಕಾಶೆ ಮಡಿಚುವುದರಲ್ಲಿ ಮಗ್ನನಾಗಿದ್ದ.

ಕಟ್ಟೆ ಬೇವಿನ ಮರದ ಕೆಳಗಿತ್ತು. ಕಟ್ಟೆಗೆ ಆನಿಸಿ ಒಂದು ವೀರಗಲ್ಲು: ಕತ್ತಿ ಹಿಡಿದ ಗಂಡಸು, ಪಕ್ಕದಲ್ಲಿ ಕೈ ಎತ್ತಿ ನಿಂತ ಹೆಂಗಸು, ಇಬ್ಬರಿಗೂ ಎಣ್ಣೆ ಬಳಿದು ಕಪ್ಪಾಗಿತ್ತು. ಕಟ್ಟೆಯ ಮೇಲೆ ಹಣೆ ತುಂಬ ವಿಭೂತಿ ಧರಿಸಿದ ದಪ್ಪನೆಯ ಯಜಮಾನರು. ಅವರು ವೀರನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮೊದಲು ಕಾಲು ನೋಡಿದರು. ಕಾಲಿಗೆ ಚೈನಿನ ಎಣ್ಣೆ, ಲಂಗದ ಅಂಚು ಹರಿದಿತ್ತು, ತಲೆಯಲ್ಲಿ ತಂಗಡಿಯ ಎಲೆ.

“ಈಕೀನ ಏನು?”

“ಈಕೀನ್ರಿ.”

“ಸೈಕಲ್ ಈಕೀನ ತುಳಿದ್ಲೋ?”

“ಆದೋನಿಯಿಂದ ತುಳಕೊಂತ ಬಂದಾಳ್ರಿ. ಓದಿನ ಹುಚ್ಚು ಬಾಳ. ಮಾತಿಗೆ ಮಾತು ಕೊಡತಾಳ.”

“ರೊಟ್ಟಿ ಬಡಿಯಾಕ ಬರತೈತೇನವ್ವಾ?”

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, “ಎಲ್ಲೀದ್ರಿ” ಅಂದುಬಿಟ್ಟ. ನನಗೆ ಸಿಟ್ಟು ಬಂತು. ಪತ್ತಿಕೊಂಡಕ್ಕೆ ಸೊಸೆಯಾಗಿ ಹೋಗಬಾರದೆಂದು ಜೀವ ಬಿಡುತ್ತಿದ್ದವಳು, ರೊಟ್ಟಿಯ ಮಾನ ಕಳೆಯಲು ಮಾತ್ರ ಒಪ್ಪಲಿಲ್ಲ. “ಬರತೈತ್ರಿ. ಶಾಂತಾನಕಿಂತ ತೆಳ್ಳಗ ಬಡೀತೀನಿ” ಅಂದೆ. ಚಿಕ್ಕಪ್ಪ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನನಗೆ ಬಿಡಿಸಲಾಗಿಲ್ಲ.

“ಶಾಂತಾ ಅಂದ್ರ ಯಾರು?” ಎಂದರು ಸಾವುಕಾರರು.

“ನನ್ನ ಮಗಳ್ರಿ” ಅಂದ ಚಿಕ್ಕಪ್ಪ.

ಆಗ ಸಾವುಕಾರರು ಹೆಗಲ ಮೇಲಿನ ವಲ್ಲಿ ತೆಗೆದು ಕೈಯ ಮೇಲೆ ಹಾಸಿಕೊಂಡರು. ಚಿಕ್ಕಪ್ಪ ಅದರ ಕೆಳಗೆ ಕೈಯಿಟ್ಟ. ಸುತ್ತ ಹತ್ತಿ ಇರಲಿಲ್ಲ, ಎತ್ತು ಇರಲಿಲ್ಲ, ಕದ್ದು ನೋಡುವವರೂ ಇರಲಿಲ್ಲ, ನನ್ನೊಬ್ಬಳ ಹೊರತು. ಪೇಟೆಯ ಮನೆಯಲ್ಲಿ ಹುಟ್ಟಿದ ಹುಡುಗಿ. ವಲ್ಲಿ ಹಾಸಿದರೆ ಏನೋ ಒಂದು ಕೈ ಬದಲಾಯಿಸುತ್ತದೆ ಎಂಬುದು ನನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ. ಬಟ್ಟೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಒಮ್ಮೆ ಚಿಕ್ಕಪ್ಪ ಕೈ ಹೊರಗೆಳೆದು ಪಂಚೆಗೆ ಒರೆಸಿಕೊಂಡು ಮತ್ತೆ ಒಳಗಿಟ್ಟ. ನಾನು ಹುಬ್ಬು ನೋಡುತ್ತಿದ್ದೆ. ಏನೂ ತಿಳಿಯಲಿಲ್ಲ. ಕೊನೆಗೆ ಸಾವುಕಾರರು “ಸರೇಲೇ” ಎಂದು ತೆಲುಗಿನಲ್ಲಿ ಅಂದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡರು. ವೀರಗಲ್ಲು ಕಂಡರೆ ಅರ್ಧ ದಿನ ಮಾತಾಡುವ ಚಿಕ್ಕಪ್ಪ ಆ ಕಲ್ಲಿನ ಬಗ್ಗೆ ಒಂದು ಅಕ್ಷರ ಹೇಳದೆ ಸೈಕಲ್ ಹತ್ತಿದ. ಹಿಂದಿರುಗುವ ದಾರಿಯಲ್ಲಿ ನಾನೇ ಕೇಳಿದೆ, ಆ ವೀರ ಯಾರ ಕಡೆಯವನು ಎಂದು. “ಗೊತ್ತಿಲ್ಲ” ಅಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಶಿವರಾತ್ರಿಯ ಆಸುಪಾಸಿನಲ್ಲಿ ಚಿಕ್ಕಪ್ಪನ ಸೈಕಲ್ಲಿಗೆ ಎರಡು ಹೊಸ ಟೈರು ಬಂದವು. ಅದೇ ದಿನಗಳಲ್ಲಿ ಅಪ್ಪ, “ಈಕಿ ಬಳ್ಳಾರಿಗೆ ಹೋಗ್ಲಿ ಅತ್ಲಾಗ. ಸೈಕಲ್ ತುಳಿಯಾಕೀನ ಮನ್ಯಾಗ ಇಟಗೊಂಡು ಏನ್ಮಾಡೋದೈತಿ” ಅಂದ. ಬೇಸಿಗೆಯಲ್ಲಿ ಪತ್ತಿಕೊಂಡದ ಸಾವುಕಾರರ ಮಗನಿಗೂ ಶಾಂತಾಳಿಗೂ ಮದುವೆಯಾಯಿತು. ಲೆಕ್ಕದಲ್ಲಿ ಆ ವರ್ಷವೂ ಅವಳೇ ಮುಂದಿದ್ದಳು.

ಮದರಾಸಿನಲ್ಲಿ ಇತಿಹಾಸದ ಎಂ.ಎ. ಓದುವಾಗ, ಒಂದು ಸಂಗತಿಗೆ ಎರಡು ಸಾಕ್ಷಿ ಬೇಕು ಎಂದು ಕಲಿಸಿದರು. ರಜೆಗೆ ಬಂದಾಗ ಅವ್ವನನ್ನು ಹಿಡಿದೆ.

“ಅದೇನು ಹೆಣ್ಣು ತೋರಿಸೋದಾಗಿತ್ತೇನವ್ವಾ?”

“ಯಾವ ಹೆಣ್ಣು? ನಿಮ್ಮ ಚಿಕ್ಕಪ್ಪ ಟೈರಿಗೆ ಹೋಗಿದ್ದ. ಕಳ್ಳಪೇಟ್ಯಾಗಿಂದು, ಊರಾಗ ಹೆಂಗ ಮಾತಾಡೋದು? ಅದಕ್ಕ ಅಡವ್ಯಾಗ ಮಾತಾಡಿದ್ರು.”

“ಮತ್ತ ಜರಿ ಲಂಗ ಯಾಕಿಟ್ಟಿದ್ದಿ?”

“ಯಾವ ಜರಿ ಲಂಗ?”

ಹಾಗಾಗಿ ಈಗ ನನ್ನ ಹತ್ತಿರ ಇರುವುದು ಸಾಕ್ಷಿಗಳಲ್ಲ, ಅನುಮಾನಗಳು. ಅವ್ವ ಹೇಳಿದ್ದೇ ನಿಜವಿರಬಹುದು. ಟೈರು ಬಂದದ್ದಂತೂ ಸುಳ್ಳಲ್ಲ. ಅಪ್ಪ ಗೊತ್ತುಮಾಡಿದ್ದ ಸಂಬಂಧವನ್ನು ತಪ್ಪಿಸಲು ಚಿಕ್ಕಪ್ಪ ಬೇಕೆಂದೇ ನನ್ನನ್ನು ಧೂಳು ಮೆತ್ತಿ, ಎಣ್ಣೆ ಬಳಿದು, ಲಂಗ ಕಸಿದುಕೊಂಡು ಅವರ ಮುಂದೆ ನಿಲ್ಲಿಸಿದ್ದ ಎಂದು ಎಷ್ಟೋ ವರ್ಷ ನಂಬಿದ್ದೆ. ಬಳ್ಳಾರಿಯ ಮಂಚದ ಮೇಲೆ ಮಲಗಿ ಅವನನ್ನು ಮನಸ್ಸಿನಲ್ಲೇ ಹರಸಿದ್ದೇನೆ. ಹಾಗಿದ್ದರೆ ಬರಿಗೈಯಲ್ಲಿ ಹೋಗಲು ಒಪ್ಪದ ಸಾವುಕಾರರಿಗೆ ಆ ವಲ್ಲಿಯ ಕೆಳಗೆ ಅವನು ಕೊಟ್ಟದ್ದು ಏನು? ಶಾಂತಾಳ ಹೆಸರನ್ನು ಅಲ್ಲಿ ತಂದವಳು ನಾನು, ಒಂದು ರೊಟ್ಟಿಯ ನೆಪದಲ್ಲಿ. ಅವನು ಅದನ್ನು ನಿರೀಕ್ಷಿಸಿರಲಿಲ್ಲವೋ, ಅದಕ್ಕಾಗಿಯೇ ಕಾದಿದ್ದನೋ?

ಈ ಕೊನೆಯ ಅನುಮಾನ ತಡವಾಗಿ ಹುಟ್ಟಿತು, ಅದೂ ಪೇಟೆಯಿಂದಲೇ. ಹತ್ತಿ ಮಾರುವವನು ಮೊದಲು ಮಣ್ಣು ಹತ್ತಿದ ಅರಳೆಯ ಮುಷ್ಟಿ ತೋರಿಸುತ್ತಾನೆ. ಕೊಳ್ಳುವವನು ಮೂಗು ಮುರಿದ ಮೇಲೆ ಬೆಳ್ಳನೆಯದನ್ನು ಹೊರಗೆ ತೆಗೆಯುತ್ತಾನೆ; ಆಗ ಅದು ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಗುಮಾಸ್ತನ ಮಗಳಿಗೆ ಸಾವುಕಾರರ ಮನೆ ಬೇಕಿದ್ದರೆ, ವ್ಯಾಪಾರಿಯ ಮಗಳನ್ನು ಮೊದಲು ತೋರಿಸುವುದೇ ದಾರಿ. ನನ್ನ ಬಿ.ಎ., ಎಂ.ಎ., ಇಷ್ಟು ವರ್ಷದ ಉಪನ್ಯಾಸಗಳು, ಎಲ್ಲವೂ ನಾನು ಮಣ್ಣು ಹತ್ತಿದ ಮುಷ್ಟಿಯಾಗಿದ್ದುದರ ಫಲವಾಗಿದ್ದರೆ ನಗುವುದೋ ಅಳುವುದೋ ಗೊತ್ತಾಗುವುದಿಲ್ಲ. ಚಿಕ್ಕಪ್ಪನನ್ನು ಒಮ್ಮೆ ಕೇಳಿದ್ದೆ. ಆಗ ಅವನಿಗೆ ಕಣ್ಣು ಮಂಜಾಗಿತ್ತು. ಆ ಕಾಡಿನಲ್ಲಿ ಕೂತಿದ್ದ ಆನೆಗಳ ಬಗ್ಗೆ ಬಹಳ ಹೊತ್ತು ಹೇಳಿದ. ಮರುವರ್ಷ ತೀರಿಕೊಂಡ.

ಈ ಸಲ ಆದೋನಿಯಿಂದ ನೇರವಾಗಿ ಪತ್ತಿಕೊಂಡದ ಬಸ್ಸು ಹತ್ತಿದೆ. ಶಾಂತಾ ಪಡಸಾಲೆಯಲ್ಲಿ ಕೂತು ಆಳುಗಳಿಂದ ಶೇಂಗಾ ತೂಗಿಸುತ್ತಿದ್ದಳು. ಗಂಡ ಹೋದ ಮೇಲೆ ಮನೆಯ ಇಡೀ ವ್ಯವಹಾರ ಅವಳದೇ. ಬಾಯಲ್ಲೇ ಗುಣಿಸಿ, ಬಾಯಲ್ಲೇ ಕಳೆಯುತ್ತಾಳೆ. ಅರ್ಧ ಮಾತು ತೆಲುಗು, ಅರ್ಧ ನಮ್ಮದು.

“ಬಾ ಪಂಡಿತಮ್ಮ. ಬಸ್ಸಿನ್ಯಾಗ ಬಂದೇನು? ಸೈಕಲ್ ಎಲ್ಲಿ ಬಿಟ್ಟಿ?”

ಊಟವಾಯಿತು. ಅವಳ ಮೊಮ್ಮಗಳ ಜಾಣತನದ ಕತೆ ಆಯಿತು. ನಾನು ಸುತ್ತಿ ಬಳಸಿ ಆ ಮಾಗಿಯ ವಿಷಯಕ್ಕೆ ಬಂದೆ. ಅವಳಿಗೆ ಜ್ವರ ಬಂದಿತ್ತಲ್ಲ ಎಂದೆ.

“ಜ್ವರ? ಆ ವರ್ಷ ನನಗ ನೆಗಡೀನೂ ಬಂದಿಲ್ಲ. ನೀವು ಹೋದ ದಿನ ನನ್ನ ಹಪ್ಪಳ ಹಾಕಾಕ ಕುಂದ್ರಿಸಿದ್ರು. ಮಾಳಿಗಿ ಮ್ಯಾಲಿಂದ ನಿಮ್ಮನ್ನ ನೋಡಿದೆ. ಕೋಟಿ ತಿರುವಿನ್ಯಾಗ ನೀ ಬಿದ್ದಿ.”

ನಾನು ಬಿದ್ದದ್ದು ನನಗೆ ನೆನಪೇ ಇಲ್ಲ. ಅವಳ ನೆನಪಿನಲ್ಲಿ ಇನ್ನೇನೇನು ಇದೆಯೋ ಎಂದು ಒಂದು ಕ್ಷಣ ಹೆದರಿಕೆಯಾಯಿತು. ವಲ್ಲಿಯ ವಿಷಯ ಕೇಳಬೇಕೆಂದೇ ಹೋಗಿದ್ದೆ. ಟೈರೋ, ನಾನೋ, ಅವಳೋ ಎಂದು. ಆದರೆ ಅವಳ ಮುಖ ನೋಡುತ್ತ ಕೂತಾಗ, ಇಷ್ಟು ವರ್ಷ ಚಿಕ್ಕಪ್ಪನ ಮನಸ್ಸಿನಲ್ಲಿ ಏನಿತ್ತೆಂದು ಅಗೆದವಳು ಒಂದು ಸಲವೂ ಅವಳ ಮನಸ್ಸಿನಲ್ಲಿ ಏನಿತ್ತೆಂದು ಯೋಚಿಸಿರಲಿಲ್ಲ ಎಂಬುದು ಹೊಳೆಯಿತು. ಬಾಯಿಗೆ ಬೇರೆಯೇ ಪ್ರಶ್ನೆ ಬಂತು. ಅವಳು ಕೇಳಿಸಿಕೊಂಡಳು, ಖಂಡಿತ. ತೂಗುತ್ತಿದ್ದವನಿಗೆ ಕೈ ಮಾಡಿ ತಕ್ಕಡಿ ನಿಲ್ಲಿಸಿದಳು, ನನ್ನ ಮುಖವನ್ನೇ ನೋಡಿದಳು, ಆಮೇಲೆ “ಹೂಂ, ತೂಗು” ಎಂದು ಅವನಿಗೆ ಹೇಳಿದಳು. ಊರಿಗೆ ಬಂದ ಮೇಲೆ ಎರಡು ಕಾಗದ ಬರೆದೆ, ಎರಡರಲ್ಲೂ ಅದನ್ನು ಮತ್ತೆ ಕೇಳಿದೆ. ಮಳೆ, ಶೇಂಗಾ, ಮೊಮ್ಮಗಳ ಪರೀಕ್ಷೆ, ಎಲ್ಲದಕ್ಕೂ ಉತ್ತರ ಬಂದಿದೆ, ಅದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

“ಶಾಂತಾ, ಬಳ್ಳಾರಿಗೆ ಹೋಗಬೇಕಂತ ನಿನಗೂ ಇತ್ತೇನು?”